ಪುಟ್ಟಿ ಹತ್ತಿ ಹೋದ ಓನರಮ್ಮ

ಕಳೆದ ತಿಂಗಳು ಒಂದು ಬೆಳಿಗ್ಗೆ ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡು, ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ ಎಂದು ನೋಡುತ್ತಿದ್ದೆ. ಆಗ ಫೋನು ಬಂತು. ಆ ಕಡೆ ಓನರಪ್ಪ, ಹನ್ನೊಂದು ವರ್ಷ ನಾನು ಬಾಡಿಗೆಗಿದ್ದ ಮನೆಯ ಯಜಮಾನರು. ಅವರು ತಾವಾಗಿ ಫೋನ್ ಮಾಡುವವರೇ ಅಲ್ಲ. "ಟೀಚರಮ್ಮಾ, ನಮ್ಮನೇರು ದಡಿ ಸೇರಿದ್ರು," ಎಂದರು. ಅಷ್ಟು ಹೇಳಿ ಫೋನಿಟ್ಟರು. ಅವರ ಹೆಂಡತಿ, ನಮ್ಮ ಓನರಮ್ಮ, ತೀರಿಕೊಂಡಿದ್ದರು.

ದಡ ಎನ್ನುವುದಕ್ಕೆ ದಡಿ ಎನ್ನುವುದು ನಮ್ಮ ಓನರಮ್ಮನ ಮಾತು. ಅವರ ಮನೆಮಾತು ತೆಲುಗು, ತೆಲುಗಿನಲ್ಲಿ ದಡಕ್ಕೆ ದರಿ. ಕನ್ನಡದ ದಡವನ್ನೂ ತೆಲುಗಿನ ದರಿಯನ್ನೂ ಕಲಸಿ ಅವರು ದಡಿ ಮಾಡಿಕೊಂಡಿದ್ದರು. ದಡಿ ಅಂದರೆ ಪಂಚೆಯ ಅಂಚು, ಕೆರೆಗೆ ಇರುವುದು ದಡ ಎಂದು ಕನ್ನಡ ಟೀಚರಾದ ನಾನು ಹತ್ತು ಸಲವಾದರೂ ತಿದ್ದಿದ್ದೆ. ಸೀರೆ ಮುಗಿಯುವುದೂ ಅಂಚಿಗೆ, ನೀರು ಮುಗಿಯುವುದೂ ಅಂಚಿಗೆ, ಎರಡಕ್ಕೂ ಒಂದೇ ಹೆಸರಿದ್ದರೆ ನಿಮ್ಮ ಗಂಟೇನು ಹೋಗುತ್ತೆ ಎಂದು ಅವರು ನನ್ನನ್ನೇ ಕೇಳುತ್ತಿದ್ದರು. ಗಂಡನ ಬಾಯಿಗೂ ಅದೇ ಮಾತು ಹತ್ತಿಬಿಟ್ಟಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನಲ್ಲಿ ಯಾರಿಗೂ ಗೊತ್ತಾಗದು. ಇಡೀ ಊರಿನಲ್ಲಿ ಬಾಡಿಗೆಗೆ ಕೊಟ್ಟಿದ್ದದ್ದು ಅವರ ಮನೆಯೊಂದೇ. ನಾನು ಓನರಮ್ಮ ಎಂದು ಕರೆಯಲು ಶುರು ಮಾಡಿದ ಆರು ತಿಂಗಳಿಗೆ ಅಂಗಡಿಯವರು, ಕಂಡಕ್ಟರು, ಕೊನೆಗೆ ಅವರ ಗಂಡ ಕೂಡ ಓನರಮ್ಮ ಎನ್ನತೊಡಗಿದರು. ಗಂಡ ಹಾಗೆ ಕರೆದಾಗ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

ಮೊಳಕಾಲ್ಮೂರಿನಿಂದ ದೇವಸಮುದ್ರದ ಕಡೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತರೆ ಸಿಗುವ ಊರು ಅದು. ಅದರ ಹೆಸರಿನ ಕೊನೆಗೂ ಸಮುದ್ರ ಅಂಟಿಕೊಂಡಿದೆ. ನಾನು ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವಳು. ಕೆರೆಯ ಹೆಸರಿನ ಊರಿಂದ ಸಮುದ್ರದ ಹೆಸರಿನ ಊರಿಗೆ ವರ್ಗವಾಗಿ ಹೋದೆ, ಎರಡೂ ಕಡೆ ಕಂಡದ್ದು ನಲ್ಲಿಯ ಮುಂದೆ ಸಾಲಾಗಿ ಕೂತ ಪ್ಲಾಸ್ಟಿಕ್ ಬಿಂದಿಗೆಗಳನ್ನೇ. ಆ ಊರಿಗೊಂದು ದೊಡ್ಡ ಕೆರೆಯಿತ್ತು, ಬರೀ ಜಾಲಿ ಬೆಳೆದ ಕೆರೆ. ಕುರಿ ಮೇಯುತ್ತಿದ್ದವು. ಅದರ ನಟ್ಟನಡುವೆ ಆಚೆಯ ಸಂತೆ ಊರಿಗೆ ಹೋಗುವ ದಾರಿ ಇತ್ತು.

ಮನೆ ಕೇಳಲು ಹೋದ ಮೊದಲ ದಿನ ಓನರಮ್ಮ ನನ್ನ ಊರು ಕೇಳಲಿಲ್ಲ, ಗಂಡ ಎಲ್ಲಿ ಎಂದು ಕೇಳಲಿಲ್ಲ. ಹತ್ತಿರ ಬಂದು ನನ್ನ ಸೀರೆಯ ಅಂಚನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಪಟ್ಟನೆ ಎಳೆದು ನೋಡಿದರು. "ಮಿಷಿನ್ದು. ಆದ್ರೂ ಗಟ್ಟಿ ಐತೆ, ಬರ್ರಿ," ಎಂದರು. ಮನೆ ಸಿಕ್ಕಿತು.

ಈ ಎಳೆದು ನೋಡುವ ಚಟ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ಸೀರೆಯನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಶಾಲೆಗೆ ಬಂದ ದೊಡ್ಡ ಮೇಡಂ ಒಬ್ಬರ ಅಂಚಿಗೂ ಕೈ ಹಾಕಿದ್ದರು, ನಾನು ನಡುವೆ ನುಗ್ಗಿ ಕಾಫಿ ಕೊಟ್ಟು ಬಚಾವು ಮಾಡಿದೆ. ಇದು ಬರೀ ಚಟವಲ್ಲ ಎಂದು ಗೊತ್ತಾಗಬೇಕಾದರೆ ಅವರ ಮಗ್ಗ ನೋಡಬೇಕು. ನಡುಮನೆಯಲ್ಲಿ ಗುಂಡಿ ಮಗ್ಗ. ಗುಂಡಿಯಲ್ಲಿ ಕಾಲಿಳಿಬಿಟ್ಟು ಗಂಡ ನಡುವಿನ ಲಾಳಿ ಎಸೆಯುತ್ತಿದ್ದರು, ಬಲಗಡೆ ಹಲಗೆಯ ಮೇಲೆ ಕೂತು ಓನರಮ್ಮ ಅಂಚಿನ ಲಾಳಿ ಎಸೆಯುತ್ತಿದ್ದರು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಪ್ರತಿ ಎಸೆತಕ್ಕೂ ಒಡಲಿನ ನೂಲಿಗೆ ಅಂಚಿನ ನೂಲನ್ನು ಕೊಂಡಿ ಹಾಕಬೇಕು. ಅದಕ್ಕೆ ಅವರು ಕುಟ್ಟು ಎನ್ನುತ್ತಿದ್ದರು. ಕೊಂಡಿ ತಪ್ಪಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಸೀರೆ ಸೀರೆಯಂತೆಯೇ ಇರುತ್ತದೆ. ಎಳೆದಾಗ ಮಾತ್ರ ಅಂಚು ಬೇರೆ, ಒಡಲು ಬೇರೆ.

ಗಂಡಹೆಂಡತಿ ಕೆಲಸಕ್ಕೆ ಕೂತರೆ ಮಾತಿಲ್ಲ. ಲಾಳಿ ಎಸೆಯುವ ಲಯದಲ್ಲೇ ಜಗಳವೂ ನಡೆಯುತ್ತಿತ್ತು, ರಾಜಿಯೂ ಆಗುತ್ತಿತ್ತು. ಹೊತ್ತನ್ನು ಅವರು ಗಡಿಯಾರದಲ್ಲಿ ಅಳೆಯುತ್ತಿರಲಿಲ್ಲ. ಕಾಫಿ ಕುಡಿಯುವುದು ಒಂದು ಬೆರಳು ನೇಯುವ ಹೊತ್ತು. ನಾನು ಭಾನುವಾರ ಚಳ್ಳಕೆರೆಗೆ ಹೋಗಿ ಬರುವುದು ಒಂದೂವರೆ ಗೇಣು. ತಡವಾಗಿ ಬಂದರೆ, ಎರಡು ಗೇಣಾಯ್ತು, ಎಲ್ಲಿ ಹೋಗಿದ್ರಿ ಎಂದು ಬಾಗಿಲಲ್ಲೇ ವಿಚಾರಣೆ. ಬಾಯಿ ಜೋರು, ನಗುವೂ ಜೋರು. ನಾನು ಜ್ವರ ಬಂದು ಮಲಗಿದ್ದಾಗ ಗಂಜಿ ಕಾಯಿಸಿ ತಂದು, ಕುಡಿಯುವವರೆಗೂ ಎದುರು ಕೂತು, ನನ್ನ ಅಡಿಗೆಯನ್ನೆಲ್ಲ ಹೀಯಾಳಿಸಿ ಹೋಗಿದ್ದರು. ನಮ್ಮ ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೈಯುವವರು ಯಾರೂ ಉಳಿದಿರಲಿಲ್ಲ. ಅವರು ಬೈದಾಗ ನನಗೆ ಹಿತವಾಗುತ್ತಿತ್ತು.

ಅವರು ಸುಮ್ಮನಾಗುತ್ತಿದ್ದದ್ದು ಒಂದೇ ಮಾತಿಗೆ. ಕೆರೆಯಾಚೆಯ ಆ ಸಂತೆ ಊರಿನ ಹೆಸರು ಎತ್ತಿದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಕಾರಣವನ್ನು ಓನರಪ್ಪ ಒಂದು ದಿನ ನೂಲು ಸುತ್ತುತ್ತಾ ಹೇಳಿದರು. ಆ ಊರಿನಲ್ಲಿ ಓನರಮ್ಮನ ಅಕ್ಕ ಇದ್ದಾರೆ. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ತಂಗಿಯನ್ನು ಎತ್ತಿ ಆಡಿಸಿ, ಲಾಳಿ ಹಿಡಿಯುವುದನ್ನು ಕಲಿಸಿ, ಮದುವೆ ಮಾಡಿ ಕಳಿಸಿದ ಅಕ್ಕ. ಆ ಅಕ್ಕನ ಮಗಳ ಮದುವೆಗೆ ಧಾರೆ ಸೀರೆಯನ್ನು ಇವರೇ ನೇಯ್ದು ಕೊಟ್ಟರು. ಧಾರೆ ಮುಗಿದು ಹಸೆಮಣೆಯಿಂದ ಏಳುವಾಗ ಮದುಮಗ ನೆರಿಗೆ ತುಳಿದ. ಒಂದು ಗೇಣು ಅಂಚು ಪರ್ರನೆ ಕಿತ್ತು ಬಂತು. ಅಷ್ಟು ಜನರ ನಡುವೆ ಅಕ್ಕ, ಅಂಚು ಕೂಡಿಸಕ್ಕೆ ಬರದವಳು ಸೀರೆ ನೇಯ್ತಾಳಂತೆ ಎಂದರು. ತಂಗಿ ಎದ್ದು ನಿಂತು, "ಚೌಡಮ್ಮನಾಣೆ, ನನ್ನ ಕೈಯಿಂದ ತಪ್ಪಾಗಿಲ್ಲ. ಇನ್ನ ಈ ಊರ ದಾರಿ ತುಳಿದ್ರೆ ಕೇಳು," ಎಂದರು. ಊಟ ಮಾಡದೆ ಹೊರಟು ಬಂದರು. ಅಕ್ಕ ಕರೆಯಲಿಲ್ಲ. ಚೌಡಮ್ಮ ಆ ಮನೆತನದ ದೇವರು. ಆ ಹೆಸರಿನ ಆಣೆ ಎಂದರೆ ಕಲ್ಲಿನ ಮೇಲೆ ಬರೆದ ಹಾಗೆ.

ಹತ್ತೊಂಬತ್ತು ವರ್ಷ ಹೀಗೇ ಹೋಯಿತು. ಆಮೇಲೆ ಒಂದು ವರ್ಷ ಹಿಂಗಾರು ಬಿಟ್ಟೂಬಿಡದೆ ಸುರಿದು ಕೆರೆ ತುಂಬಿತು. ಅದು ತುಂಬಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ಊರಿನಲ್ಲಿ ಅರ್ಧ ಜನವೂ ಕಂಡಿರಲಿಲ್ಲ. ಕೋಡಿ ಬಿದ್ದ ದಿನ ಬಾಗಿನ ಬಿಡಲು ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಸಂತೆ ಊರಿನ ದಾರಿ ನೀರಿನೊಳಗೆ ಹೋಯಿತು. ಬಸ್ಸು ಗುಡ್ಡದ ಹಿಂದಿನಿಂದ ಸುತ್ತು ಹಾಕಿ ಹೋಗತೊಡಗಿತು.

ಅಂದಿನಿಂದ ಓನರಮ್ಮ ದಿನಾ ಸಂಜೆ ಏರಿಗೆ ಹೋಗಿ ನಿಲ್ಲುತ್ತಿದ್ದರು. ಒಂದು ಶನಿವಾರ ನನ್ನ ಬಾಗಿಲಿಗೆ ಬಂದು, ಪುಟ್ಟಿಗೆ ಹೇಳಿದ್ದೀನಿ, ನಾಳೆ ಅಕ್ಕನ ಊರಿಗೆ ಹೋಗಿ ಬರೋಣ ಎಂದರು. ನನಗೆ ಪುಟ್ಟಿ ಎಂದರೆ ಬುಟ್ಟಿ. ಅಕ್ಕನಿಗೆ ಪುಟ್ಟಿಯ ತುಂಬ ಏನೋ ಒಯ್ಯುತ್ತಾರೆ, ಅಂತೂ ಮನಸ್ಸು ಕರಗಿತಲ್ಲ ಎಂದುಕೊಂಡು, ಹೊತ್ತುಕೊಳ್ಳಲು ನಾನೂ ಒಂದು ಕೈ ಹಾಕುತ್ತೇನೆ ಎಂದೆ. ಅವರು ನಕ್ಕು ನಕ್ಕು ಗೋಡೆ ಹಿಡಿದರು. ತೆಲುಗಿನಲ್ಲಿ ಪುಟ್ಟಿ ಎಂದರೆ ಹರಿಗೋಲು. ಪುಟ್ಟಿಯನ್ನು ನಾವು ಹೊರುವುದಲ್ಲ, ಅದೇ ನಮ್ಮನ್ನು ಹೊರುತ್ತದೆ ಎಂದರು. ಹಾಗಾದರೆ ಆಣೆ ಏನಾಯ್ತು ಎಂದು ಕೇಳಿದೆ. ನಗು ನಿಂತಿತು.

"ಆಣೆ ಹಾಕಿದ್ದು ದಾರಿಗೆ ಟೀಚರಮ್ಮ. ದಾರಿನೇ ಮುಳುಗಿ ಹೋಗೈತೆ. ನೀರಿಗೆ ಯಾವ ಆಣೆ?" ಎಂದರು. ತೂಬು ಎತ್ತಿದ ಮೇಲೆ ನೀರು ಇಳಿಯುತ್ತಿತ್ತು. ಏರಿಯ ಮೇಲಿಂದ ನೋಡಿದರೆ ದಾರಿಯ ಒಂದು ತುದಿ ಆಗಲೇ ಕೆಸರಾಗಿ ತೇಲಿತ್ತು. ಪೂರ್ತಿ ಎದ್ದರೆ ಮತ್ತೆ ಆಣೆಯೂ ಏಳುತ್ತದೆ ಎಂಬುದು ಅವರ ಭಯ. ಕೆರೆ ಇನ್ನೊಮ್ಮೆ ತುಂಬುವವರೆಗೆ ತಾವೂ ಅಕ್ಕನೂ ಇರುತ್ತೇವೆಂಬ ನಂಬಿಕೆ ಅವರಿಗಿರಲಿಲ್ಲ. ನೀರಿಗೆ ಹೆದರುವ ನಾನು ಅಷ್ಟಕ್ಕೇ ಒಪ್ಪಿದೆ.

ಭಾನುವಾರ ಬೆಳಿಗ್ಗೆ ಓನರಪ್ಪ ಬರಲಿಲ್ಲ, ಮಗ್ಗದ ಗುಂಡಿಯಲ್ಲಿ ಕೂತೇ ಇದ್ದರು. ಪಕ್ಕದ ಹಲಗೆ ಖಾಲಿ ಇದ್ದರೆ ಅವರಿಗೂ ಕೆಲಸವಿಲ್ಲ. ಆದರೂ ಕೂತಿದ್ದರು. ಹರಿಗೋಲಿನವನು ಮೀನಿನ ಗುತ್ತಿಗೆಯವರ ಕಡೆಯವನು, ರಾಯದುರ್ಗದ ಕಡೆಯ ನಡುವಯಸ್ಸಿನ ಮನುಷ್ಯ. ಮಾತಿಗಿಂತ ಬೀಡಿ ಜಾಸ್ತಿ. ನಾನು ಕಾಲಿಟ್ಟ ಕೂಡಲೇ ಹರಿಗೋಲು ವಾಲಿತು, ನಾನು ಕೂಗಿದೆ. ಅವನು, ಕದಲೊದ್ದಮ್ಮಾ, ಅಂದರೆ ಅಲುಗಾಡಬೇಡಿ ಎಂದ. ಆ ಇಡೀ ಪಯಣದಲ್ಲಿ ಅವನು ನನಗೆ ಹೇಳಿದ್ದು ಅದೊಂದೇ ಮಾತು, ಹತ್ತಾರು ಸಲ ಹೇಳಿದ.

ಹರಿಗೋಲು ಸುತ್ತುತ್ತಾ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಈಗ ಮುಂದಿದ್ದ ಗುಡ್ಡ ಇನ್ನೊಂದು ಗಳಿಗೆಗೆ ಹಿಂದೆ. ಬಿಟ್ಟು ಬಂದ ಊರು ಮುಂದೆ ಬರುತ್ತಿತ್ತು, ಮತ್ತೆ ನಿಧಾನವಾಗಿ ಬೆನ್ನಿಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಾವು ಹೋಗುತ್ತಿದ್ದೇವೋ ಬರುತ್ತಿದ್ದೇವೋ ಎಂಬುದೇ ಮರೆತುಹೋಯಿತು. ಹೆದರಿಕೆ ಕೂಡ ಎಲ್ಲೋ ಜಾರಿ ಹೋಯಿತು. ಎಳೆ ಬಿಸಿಲು. ಜಾಲಿ ಮರಗಳು ಕತ್ತಿನ ಮಟ್ಟ ಮುಳುಗಿ ನಿಂತಿದ್ದವು, ಅವುಗಳ ತಲೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ಕುರಿ ಕಾಯುವವರು ಹಿಂದೆ ಬುತ್ತಿ ಬಿಚ್ಚುತ್ತಿದ್ದ ಬಂಡೆಯ ಮೇಲೆ ಒಂದೇ ಒಂದು ಕೊಕ್ಕರೆ. ದಾರಿಬದಿಯ ಹನುಮಪ್ಪನ ಗುಡಿಯ ಬಾವುಟ ಮಾತ್ರ ನೀರಿನ ಮೇಲಿತ್ತು. ಓನರಮ್ಮ ಅದಕ್ಕೆ ಕೈ ಮುಗಿದರು.

ಊರಿನ ಮಗ್ಗಗಳ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಮನೆಯಲ್ಲಿ ಕೂತಾಗ ಕಿವಿಗಡಚಿಕ್ಕುವ ಸದ್ದು ಅಲ್ಲಿ ಯಾರೋ ಮಗು ತಟ್ಟಿ ಮಲಗಿಸಿದ ಹಾಗೆ ಕೇಳಿತು. ಓನರಮ್ಮ ಕಣ್ಣು ಮುಚ್ಚಿ ಇದು ಯಾರ ಮನೆಯದು, ಅದು ಯಾರದು ಎಂದು ಒಂದೊಂದಾಗಿ ಹೇಳಿದರು. ಆಮೇಲೆ, ನಮ್ಮದು ಕೇಳ್ತಿಲ್ಲ ಎಂದರು. ಅವರೇ ಇಲ್ಲಿದ್ದಾರೆ, ಹೇಗೆ ಕೇಳಬೇಕು? ಆದರೂ ಅವರಿಗೆ ಬೇಜಾರಾದದ್ದು ಮುಖದಲ್ಲಿ ಕಂಡಿತು.

ಕೆರೆಯ ನಡುವೆ ಹರಿಗೋಲಿನವನು ಬೀಡಿ ಹಚ್ಚಲು ಕೈ ಬಿಟ್ಟ. ಹರಿಗೋಲು ತನ್ನಷ್ಟಕ್ಕೆ ತಿರುಗಿತು. ನೀರು ತಿಳಿಯಾಗಿತ್ತು. ಬಗ್ಗಿ ನೋಡಿದರೆ ಅಡಿಯಲ್ಲಿ ಬೆಳ್ಳಗೆ ಒಂದು ಪಟ್ಟಿ, ಅದರ ಪಕ್ಕ ಒಂದು ಮೈಲಿಗಲ್ಲು ಕಂಡ ಹಾಗಾಯಿತು. ಅದೇ ದಾರಿ. ನಾವು ಅದರ ಮೇಲೇ ಇದ್ದೆವು, ಆದರೆ ತುಳಿಯುತ್ತಿರಲಿಲ್ಲ. ಓನರಮ್ಮ ಕೂಡ ಬಗ್ಗಿ ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ ಹೇಳಿದರು.

"ಆ ಗೇಣು ನಾನೇ ಬಿಟ್ಟಿದ್ದು ಟೀಚರಮ್ಮ."

ಮದುವೆ ಹತ್ತಿರ ಬಂದಿತ್ತಂತೆ. ಸಂಭ್ರಮದಲ್ಲಿ ಏನೋ ಮಾತಾಡುತ್ತಾ ಒಂದು ಗೇಣಿನಷ್ಟು ಕೊಂಡಿ ಹಾಕದೆ ಲಾಳಿ ಎಸೆದುಬಿಟ್ಟಿದ್ದರು. ಗಂಡ ನೋಡಿ, ಬಿಚ್ಚಿ ಮತ್ತೆ ನೇಯೋಣ ಎಂದರು. ಇವರು, ನೆರಿಗೆ ಒಳಗೆ ಹೋಗೋ ಜಾಗ, ಯಾರು ನೋಡ್ತಾರೆ ಎಂದರು. ಅಷ್ಟೇ ನಡೆದದ್ದು. ಮಂಟಪದಲ್ಲಿ ಅಕ್ಕ ಬೈದಾಗ, ಹೌದಕ್ಕ ತಪ್ಪಾಯ್ತು ಎನ್ನುವುದರ ಬದಲು ದೇವರ ಹೆಸರು ಬಾಯಿಗೆ ಬಂತು. ಆ ಆಣೆಯ ಮೇಲೆ ಹತ್ತೊಂಬತ್ತು ವರ್ಷ ಕೂತರು. ಈಗ ಹೋಗಿ ಅಕ್ಕನಿಗೆ ಇದೊಂದು ಮಾತು ಹೇಳಬೇಕು. ಹೇಳಲು ಬಾಯಿ ಬರುತ್ತದೋ ಇಲ್ಲವೋ ಎಂದು ಅವರಿಗೇ ಗೊತ್ತಿರಲಿಲ್ಲ. ಬರಲಿಲ್ಲ ಅಂದ್ರೆ ನೀವೇ ಹೇಳ್ತೀರಾ ಎಂದು ನನ್ನನ್ನು ಕೇಳಿದರು. ನಾನು ಹೇಳಲ್ಲ, ಅದು ನಿಮ್ಮ ಮಾತು ಎಂದೆ. ಎಷ್ಟು ಒರಟಾಗಿ ಹೇಳಿದೆ ಎಂದು ಈಗಲೂ ನಾಚಿಕೆಯಾಗುತ್ತದೆ. ಆದರೆ ಅವರು ತಲೆಯಾಡಿಸಿದರು.

ಸಂತೆ ಊರಿನ ದಡದಲ್ಲಿ ಬಟ್ಟೆ ಒಗೆಯುವ ಮೆಟ್ಟಿಲುಗಳಿವೆ. ಆ ಊರಿಗೆ ನೀರಿನ ಮೇಲೆ ಯಾರೂ ಬಂದದ್ದಿಲ್ಲ. ನಾವು ಮುಟ್ಟುವ ಹೊತ್ತಿಗೆ ಐವತ್ತು ಜನ ಸೇರಿದ್ದರು. ಎಲ್ಲಿಂದ ಬಂದಿರಿ, ಏನು ಸರ್ವೆಯಾ, ದಿನಾ ಬಿಡ್ತಾರಾ ಎಂದು ಪ್ರಶ್ನೆಗಳು. ಹರಿಗೋಲು ಕಟ್ಟಲು ಒಂದು ಗೂಟವೂ ಇರಲಿಲ್ಲ, ಅವನು ಕೋಲು ಊರಿ ನಿಂತ. ಓನರಮ್ಮ ಮಾತ್ರ ಇಳಿಯಲಿಲ್ಲ. ಮೆಟ್ಟಿಲು ಮುಟ್ಟಿದರೆ ಊರ ದಾರಿಯೇ. ನೀವು ಹೋಗಿ ಕರೀರಿ ಎಂದರು.

ಅಕ್ಕನ ಮನೆ ಸಂತೆ ಬಯಲಿನ ಹಿಂದೆ ಇತ್ತು. ಎತ್ತರದ ಹೆಂಗಸು, ದಪ್ಪ ಕನ್ನಡಕ. ಜಗುಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ನಿಮ್ಮ ತಂಗಿ ಕೆರೆಯಲ್ಲಿ ಪುಟ್ಟಿಯೊಳಗೆ ಕೂತಿದ್ದಾರೆ, ಇಳಿಯುವುದಿಲ್ಲ ಎಂದೆ. ಅವರು ತಲೆಯೆತ್ತಲಿಲ್ಲ. ಇನ್ನೊಂದು ಹಿಡಿ ಶೇಂಗಾ ಸುಲಿದರು. ಬಂದವಳು ಮನೆಗೆ ಬರಬೇಕು, ನಾನ್ಯಾಕೆ ಕೆರೆಗೆ ಹೋಗಲಿ ಎಂದರು. ನಾನು ಜಗುಲಿಯ ಕೆಳಗೆ ನಿಂತೇ ಇದ್ದೆ. ಇನ್ನರ್ಧ ಹಿಡಿ ಆಯಿತು. ಆಮೇಲೆ, ಬೆಳಿಗ್ಗಿಂದ ಏನಾದ್ರೂ ತಿಂದಾಳಾ ಎಂದು ಕೇಳಿದರು. ಇಲ್ಲ ಎಂದೆ. ಮಡಿಲಿನ ಸಿಪ್ಪೆ ಕೊಡವಿ ಎದ್ದರು. ಚಪ್ಪಲಿ ಹಾಕಿಕೊಳ್ಳಲಿಲ್ಲ.

ಮೆಟ್ಟಿಲ ಹತ್ತಿರ ಬಂದು ಮೊದಲು ಜನರ ಕಡೆ ತಿರುಗಿದರು. ಇಲ್ಲೇನು ಸಿನಿಮಾ ಐತೇನ್ರಿ, ಹೋಗ್ರಿ ಎಂದರು. ಜನ ನಾಲ್ಕು ಹೆಜ್ಜೆ ಹಿಂದೆ ಸರಿದು ಅಲ್ಲೇ ನಿಂತರು. ಅಕ್ಕ ಕೊನೆಯ ಮೆಟ್ಟಿಲಲ್ಲಿ, ತಂಗಿ ಹರಿಗೋಲಿನಲ್ಲಿ. ನಡುವೆ ಎರಡು ಮಾರು ನೀರು. ಗಾಳಿಗೆ ಹರಿಗೋಲು ಹಿಂದೆ ಸರಿಯುತ್ತಿತ್ತು, ಅವನು ಕೋಲು ಊರಿ ಮತ್ತೆ ತರುತ್ತಿದ್ದ. ಕೊನೆಗೆ ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಮೊಣಕಾಲಿನ ಮೇಲೆ ನೀರು ಬರುವವರೆಗೆ ನಡೆದು ಬಂದು ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದರು. ಅದು ನಿಂತಿತು.

ಅವರು ಮಾತಾಡಿದ್ದು ತೆಲುಗಿನಲ್ಲಿ. ಹನ್ನೊಂದು ವರ್ಷದಲ್ಲಿ ನನಗೆ ಅಷ್ಟು ತೆಲುಗು ಬಂದಿತ್ತು.

"ಅಕ್ಕಾ, ಆ ಅಂಚು ನಾನೇ ಬಿಟ್ಟಿದ್ದು. ಗೊತ್ತಿದ್ದೂ ಬಿಟ್ಟಿದ್ದೆ," ಎಂದರು ಓನರಮ್ಮ.

ಅಕ್ಕ ಬೇರೆ ಕಡೆ ನೋಡುತ್ತಾ, "ನಂಗೂ ಗೊತ್ತಿತ್ತು," ಎಂದರು. ಸೀರೆ ಮದುವೆಗೆ ಎರಡು ದಿನ ಮುಂಚೆ ಬಂದಿತ್ತು. ಅಂಚು ಹಿಡಿದು ಎಳೆದು ನೋಡುವುದನ್ನು ತಂಗಿಗೆ ಕಲಿಸಿದವರೇ ಅವರು. ಎಳೆದಾಗ ಹೆಬ್ಬೆರಳು ಒಳಗೆ ಹೋಯಿತಂತೆ. "ಸೂಜಿ ತಗಂಡು ಹತ್ತು ಹೊಲಿಗೆ ಹಾಕಿದ್ರೆ ಮುಗೀತಿತ್ತು. ಹಾಕ್ಲಿಲ್ಲ. ಬಂದೋರೆಲ್ಲ ಸೀರೆ ನೋಡಿ ನಿನ್ನೇ ಹೊಗಳ್ತಿದ್ರು. ಕಲಿಸಿದೋಳು ನಾನು. ನನ್ನ ಯಾರೂ ಕೇಳ್ಲಿಲ್ಲ."

ಹರಿಗೋಲಿನವನು ಬೀಡಿ ಎಸೆದು ನೀರು ನೋಡುತ್ತಾ ನಿಂತ. ಇನ್ನೊಂದು ಜಗಳ ಶುರುವಾಗುತ್ತದೆ, ನಾವು ಹೀಗೇ ಸುತ್ತುತ್ತಾ ವಾಪಸು ಹೋಗುತ್ತೇವೆ ಎಂದೇ ಅಂದುಕೊಂಡೆ. ಓನರಮ್ಮ ಅಕ್ಕನ ಕೈಗಳನ್ನು ನೋಡಿದರು.

"ಹಂಗಾದ್ರೆ ಇಬ್ರೂ ಸೇರೇ ಹರಿದಿದ್ದು," ಎಂದರು.

ಹೇಳಿದವರೇ ಎದ್ದು ಒಂದು ಕಾಲು ಹೊರಗಿಟ್ಟರು. ಹರಿಗೋಲು ವಾಲಿತು. ಆಣೆ ಎಂದು ನಾನು ಕೂಗಿಬಿಟ್ಟೆ. ನನಗೇ ಭಯವಾಗಿತ್ತು. ಅವರು ಅಕ್ಕನ ಭುಜ ಹಿಡಿದುಕೊಂಡು ನನ್ನ ಕಡೆ ತಿರುಗಿ, ತಪ್ಪಾಗಿಲ್ಲ ಅಂತ ಆಣೆ ಇಟ್ಟಿದ್ದೆ, ಮೊದಲನೇ ಮಾತೇ ಸುಳ್ಳು, ಸುಳ್ಳಿನ ಆಣೆಯನ್ನ ಚೌಡಮ್ಮ ಯಾಕೆ ಇಟ್ಕಂತಾಳೆ ಎಂದರು. ಇಬ್ಬರೂ ಸೊಂಟದವರೆಗೆ ಒದ್ದೆಯಾಗಿ ಮೆಟ್ಟಿಲು ಹತ್ತಿ ಹೋದರು. ಅಕ್ಕ ಏನೋ ಬೈಯುತ್ತಿದ್ದರು, ತಂಗಿ ಜೋರಾಗಿ ನಗುತ್ತಿದ್ದರು. ನನ್ನನ್ನು ಇಬ್ಬರೂ ಮರೆತಿದ್ದರು.

ನಾನೊಬ್ಬಳೇ ಹರಿಗೋಲಿನಲ್ಲಿ ವಾಪಸು ಬಂದೆ. ಮಧ್ಯಾಹ್ನದ ಕೆರೆ ಬೆಳ್ಳಗೆ ನಿದ್ದೆ ಮಾಡುತ್ತಿತ್ತು. ಅವನು ಈ ಸಲ ಕದಲೊದ್ದಮ್ಮಾ ಎನ್ನಲೇ ಇಲ್ಲ, ನಾನು ಕದಲಿರಲಿಲ್ಲ. ಸಂತೋಷಕ್ಕೋ ಏನೋ, ದಾರಿಯುದ್ದಕ್ಕೂ ಅಳುತ್ತಾ ಬಂದೆ.

ಓನರಪ್ಪ ಮಗ್ಗದ ಗುಂಡಿಯಲ್ಲಿ ಹಾಗೇ ಕೂತಿದ್ದರು. ಇಳಿದಳಾ ಎಂದು ಕೇಳಿದರು. ಇಳಿದರು ಎಂದೆ. ಹೇಳಿದಳಾ ಎಂದರು. ಹೇಳಿದರು ಎಂದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಬಿಚ್ಚಿ ಮತ್ತೆ ನೇಯೋದು ಅರ್ಧ ದಿನದ ಕೆಲಸ ಟೀಚರಮ್ಮಾ. ನಾನೂ ಗಟ್ಟಿಯಾಗಿ ಹೇಳ್ಬೇಕಾಗಿತ್ತು."

ಗುಂಡಿಯಿಂದ ಕಾಲೆತ್ತಿ ಮೇಲೆ ಬಂದು, ಗೂಟದಲ್ಲಿದ್ದ ಅಂಗಿ ತೆಗೆದುಕೊಂಡರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಆ ಊರಿಗೆ ಬಸ್ಸು ಎಷ್ಟೊತ್ತಿಗೈತೆ ಎಂದು ನನ್ನನ್ನು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ಆಣೆ ಹಾಕಿದ್ದು ಅವರಲ್ಲ, ಆದರೂ ಹತ್ತೊಂಬತ್ತು ವರ್ಷ ಅವರೂ ಆ ದಾರಿ ತುಳಿದಿರಲಿಲ್ಲ.